ಮೊಳಕೆ ಕಟ್ಟಿ ನೋಡಿ, ಆಮೇಲೆ ಬಿತ್ತಿ



ಹೆಸರುಕಾಳು ಮೊಳಕೆ ಕಟ್ಟುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ವಿದ್ಯೆ ಕೊಟ್ಟಿಗೆಗೂ ಒದಗುತ್ತದೆ ಅಂದರೆ ನಗಬೇಡಿ. ನಾನದನ್ನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ.

ನಮ್ಮ ದೊಡ್ಡಬಳ್ಳಾಪುರದ ಕಡೆ ಹಿತ್ತಲಲ್ಲಿ ಒಂದು ಸೀಮೆಹಸು ಕಟ್ಟಿಕೊಂಡವರು ಬೇಕಾದಷ್ಟು ಜನ. ರಾಗಿ ಹುಲ್ಲು ಎಷ್ಟಿದ್ದರೂ ಹಸಿಮೇವು ತಪ್ಪಿದರೆ ಹಾಲು ಇಳಿಯುತ್ತದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಗುಂಟೆಯಲ್ಲಿ ಕುದುರೆ ಮೆಂತ್ಯೆ, ಅದೇ ಲೂಸರ್ನ್ ಅಂತಾರಲ್ಲ, ಅದನ್ನು ಹಾಕೋಣವೆಂದು ಹೊರಟೆ. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಬಿಡಿ ಬೀಜ ತಂದೆ. ಅಲ್ಲೊಂದು ಇಲ್ಲೊಂದು ಹುಟ್ಟಿತು. ಹುಟ್ಟಿದ್ದಕ್ಕೂ ಹಳದಿ ದಾರದಂಥ ಬಳ್ಳಿ ಸುತ್ತಿಕೊಂಡು ರಸ ಹೀರಿತು. ಅದರ ಬೀಜ ನಾನು ತಂದ ಬೀಜದೊಳಗೇ ಬೆರೆತಿತ್ತು! ಎಲ್ಲವನ್ನೂ ಕಿತ್ತು ಸುಟ್ಟದ್ದಾಯಿತು. ಬೇಸಿಗೆಯಲ್ಲಿ ಡೇರಿಯ ದುಡ್ಡೆಲ್ಲ ಮೇವು ಕೊಳ್ಳುವುದಕ್ಕೇ ಹೋಗಿ, ಮಗಳ ಕಾಲೇಜು ಫೀಜಿಗೆ ಕೈಸಾಲ ಮಾಡಿದೆ. ಅತ್ತೆಯವರು ಬೈಯಲಿಲ್ಲ. "ಕಾಳು ಆರಿಸದೆ ಸಾರಿಗೆ ಹಾಕ್ತೀಯೇನಮ್ಮ?" ಅಂದರು, ಅಷ್ಟೆ.

ಈ ಸಲ ಹೀಗೆ ಮಾಡಿದೆ. ನೀವೂ ಮಾಡಿ.

ಮೊಹರು ಮಾಡಿದ ಚೀಲವನ್ನೇ ಕೊಳ್ಳಿ. ಚೀಟಿಯ ಮೇಲೆ ನೂರಕ್ಕೆ ಎಷ್ಟು ಮೊಳೆಯುತ್ತದೆ, ಯಾವಾಗ ಪರೀಕ್ಷಿಸಿದ್ದು ಎಂದು ಬರೆದಿರುತ್ತದೆ. ರಸೀತಿ ಜೋಪಾನ. ಮನೆಗೆ ತಂದು ೧೦೦ ಬೀಜ ಎಣಿಸಿ, ಒದ್ದೆ ಬಟ್ಟೆಯ ಮೇಲೆ ಹರಡಿ, ಸುರುಳಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಬಾರದು. ಏಳೆಂಟು ದಿನಕ್ಕೆ ಬಿಚ್ಚಿ ಎಣಿಸಿ. ೮೦ ಮೊಳೆತರೆ ಧೈರ್ಯವಾಗಿ ಬಿತ್ತಿ. ೬೦ ಆದರೆ ಬೀಜ ಸ್ವಲ್ಪ ಹೆಚ್ಚು ಹಾಕಿ. ಅರ್ಧಕ್ಕಿಂತ ಕಡಿಮೆಯಾದರೆ ಹಿಂದಕ್ಕೆ ಕೊಟ್ಟುಬಿಡಿ. ಬಣ್ಣ ಬಳಿದ ಬೀಜಕ್ಕೆ ಔಷಧಿ ಹಾಕಿರುತ್ತಾರೆ; ಅದರ ಮೊಳಕೆಯನ್ನು ದನಕ್ಕೂ ಹಾಕಬೇಡಿ, ಆ ಬಟ್ಟೆಯನ್ನು ಅಡಿಗೆಮನೆಗೂ ತರಬೇಡಿ.

ಕುದುರೆ ಮೆಂತ್ಯೆಗೆ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ನೀರು ನಿಲ್ಲುವ ಜಾಗ ಬೇಡ. ಗುಂಟೆಗೆ ಕಾಲು ಕಿಲೋ ಬೀಜ ಸಾಕು. ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಔಷಧಿ ಹಾಕದ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ. ಬೀಜ ಬಲು ಸಣ್ಣದು, ಮರಳು ಬೆರೆಸಿದರೆ ಸಮನಾಗಿ ಬೀಳುತ್ತದೆ. ಸಾಲಿಗೂ ಸಾಲಿಗೂ ಒಂದಡಿ ಅಂತರ, ಆಳ ಅರ್ಧ ಅಂಗುಲ ಮಾತ್ರ. ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ತಿಂಗಳಿಗೊಮ್ಮೆ. ನೀರು ಗೊಬ್ಬರ ತಪ್ಪದಿದ್ದರೆ ಎರಡು ಮೂರು ವರ್ಷ ಮೇವು ಸಿಗುತ್ತದೆ.

ಒಂದು ಎಚ್ಚರಿಕೆ. ಹಸಿದ ಹಸುವಿಗೆ ಇದೊಂದನ್ನೇ ಹೊಟ್ಟೆತುಂಬ ಹಾಕಿದರೆ ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಕುತ್ತು. ಬಾಡಿಸಿ, ರಾಗಿ ಹುಲ್ಲಿನ ಜೊತೆ ಬೆರೆಸಿ ಕೊಡಿ.

ನೀರಿಲ್ಲದವರು ಮಳೆಗಾಲಕ್ಕೆ ಆಫ್ರಿಕನ್ ಟಾಲ್ ಮುಸುಕಿನ ಜೋಳ, ನಡುನಡುವೆ ಅಲಸಂದೆ ಹಾಕಬಹುದು. ಸಂಶಯ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಹೆಸರಘಟ್ಟದ ಮೇವು ಕೇಂದ್ರ, ಬೆಂಗಳೂರಿನ ಜಿ.ಕೆ.ವಿ.ಕೆ. ಇವೆ. ಹೋಗಿ ಕೇಳುವುದಕ್ಕೆ ಸಂಕೋಚವೇಕೆ?

ನನ್ನ ಬಟ್ಟೆಯಲ್ಲಿ ಈ ಸಲ ೮೬ ಮೊಳೆತವು. ನೆನ್ನೆ ಮೊದಲ ಕಂತೆ ಕೊಯ್ದು ತಂದಾಗ ಅತ್ತೆಯವರೇ ಎದ್ದು ಬಂದು ಹಸುವಿನ ಮುಂದೆ ಹಾಕಿದರು. ಬೀಜದಂತೆ ವೃಕ್ಷ ಎಂಬುದು ಗಾದೆ. ಬೀಜ ಕಂಡುಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ, ಅಲ್ಲವೇ?