ತೋಳು ಕೂರಿಸುವ ಕೂಲಿ

ಹನುಮಂತನಗರದ ನಮ್ಮ ಮನೆಯ ಹಜಾರದಲ್ಲಿ ಕಳೆದ ವಾರ 32 ಹಾಳೆಗಳು ಹರಡಿಕೊಂಡಿದ್ದವು. ಕಾಲೇಜಿಗೆ ಹೋಗುವ ಮಗಳಿಗೆ ಫ್ರಾಕ್ ಹೊಲಿಯಲೆಂದು ಅಂತರ್ಜಾಲದಿಂದ ಇಳಿಸಿಕೊಂಡ ನಮೂನೆ ಅದು. ಹಾಳೆಗಳನ್ನು ಅಂಟಿಸಿ, ಚಿಕ್ಕಪೇಟೆಯಿಂದ ತಂದ ಬಟ್ಟೆಯ ಮೇಲಿಟ್ಟು ಕತ್ತರಿಸಿದರಾಯಿತು ಎಂದುಕೊಂಡಿದ್ದೆ. ಮುದ್ರಣದ ಅಳತೆ ಪರೀಕ್ಷಿಸಲು ಮೊದಲ ಪುಟದಲ್ಲಿ 5 ಸೆಂ.ಮೀ. ಚೌಕವೊಂದಿತ್ತು. ನಾನು ಅಳೆಯಲಿಲ್ಲ. ಯಂತ್ರ ಅದನ್ನು 4.8ಕ್ಕೆ ಕುಗ್ಗಿಸಿತ್ತು. ಎರಡು ಮಿಲಿಮೀಟರ್ ಏನು ಮಹಾ? 36 ಇಂಚಿನ ಎದೆಯಳತೆಯಲ್ಲಿ ಅದು ಸುಮಾರು ಒಂದೂವರೆ ಇಂಚು. ಜಿಪ್ ಕೂಡಲೇ ಇಲ್ಲ.

ಎರಡನೆಯ ಫ್ರಾಕಿಗೆ ನಾಲ್ಕು ಸಂಜೆ ಹಿಡಿಯಿತು. ತೋಳು ಕೂರಿಸುವುದಕ್ಕೇ ಒಂದು. ತೋಳಿನ ಮೇಲಂಚು ಅದು ಸೇರುವ ಕಂಕುಳಿನ ಸುತ್ತಿಗಿಂತ ತುಸು ಉದ್ದವಿರುತ್ತದೆ. ಆ ಹೆಚ್ಚನ್ನು ಸುಕ್ಕು ಕಾಣದಂತೆ ಹೊಲಿಗೆಯೊಳಗೆ ಅಡಗಿಸಬೇಕು. ನಮ್ಮ ಬೀದಿಯ ದರ್ಜಿ ಇದನ್ನು ಮಾತನಾಡುತ್ತಲೇ ಮಾಡುತ್ತಾರೆ. ಅವರೊಡನೆ ವರ್ಷಗಟ್ಟಲೆ ಚೌಕಾಸಿ ಮಾಡಿದವಳು ನಾನು.

ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಎಂಬ ಗುರಿಯಡಿ ತೋಳು ಕೂರಿಸುವ ಮಹಿಳೆಯರಿದ್ದಾರೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಆಗ ನಮ್ಮ ಮನೆಯಲ್ಲಿ ಚರ್ಚೆಯಾದದ್ದು ಹೊಸೂರು ರಸ್ತೆಯ ವಾಹನ ದಟ್ಟಣೆ. ಸಿದ್ಧ ಉಡುಪಿನ ಅಗ್ಗದ ಬೆಲೆಯಲ್ಲಿ ಅವರ ಕಡಿಮೆ ಕೂಲಿಯ ಪಾಲು ದೊಡ್ಡದು. ಆದರೂ ಕನಿಷ್ಠ ವೇತನ ಏರಿಸುವ ಮಾತು ಬಂದಾಗಲೆಲ್ಲ, ಉದ್ಯಮ ಬೇರೆ ರಾಜ್ಯಕ್ಕೆ ಹೋದೀತೆಂಬ ಎಚ್ಚರಿಕೆಯೇ ಜೋರಾಗಿ ಕೇಳುತ್ತದೆ.

ನನ್ನ ಫ್ರಾಕಿನ ಎಡತೋಳು ಇನ್ನೂ ಸುಕ್ಕಾಗಿಯೇ ಇದೆ. ನಾಳೆ ದರ್ಜಿಯವರಿಗೆ ಕೊಡುತ್ತೇನೆ. ದರ ಅವರೇ ಹೇಳಲಿ.