ದೂರು ಮಳೆಗೆ, ಹುಳಿ ಮಣ್ಣಿನಲ್ಲಿ

ಮಲ್ಲಿಗೆ ಎಲೆ ಹಳದಿಯಾಯ್ತು, ಶೇಂಗಾ ಜೊಳ್ಳು ಹೋಯ್ತು, ಅಡಿಕೆ ಸೋಗೆ ಸೊರಗಿತು. ಕಾರಣ ಕೇಳಿದರೆ ಕೆಲವರ ಬಾಯಲ್ಲಿ ಒಂದೇ ಉತ್ತರ: "ಈಗ ಬೀಳೋದು ಆಸಿಡ್ ಮಳೆ ಮಾರಾಯ್ರೇ, ನಾವೇನು ಮಾಡೋಕಾಗ್ತದೆ?" ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿದೆ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಮಳೆಯ ಮೇಲೆ ದೂರು ಹಾಕಿ ಕೂತರೆ ನಷ್ಟ ನಮಗೇ.

ಮೊದಲು ಹುಳಿ ಮಳೆ ಅಂದರೇನು ನೋಡೋಣ. ಹುಳಿ ಅಳೆಯುವ ಅಳತೆಗೆ ಪಿಎಚ್ ಅಂತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ. ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಅಂತ ಲೆಕ್ಕ. ಶುದ್ಧ ಗಾಳಿಯಲ್ಲಿ ಬಿದ್ದ ಮಳೆಯೂ ಸ್ವಲ್ಪ ಹುಳಿಯೇ, ಸುಮಾರು 5.6. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯ ಗಂಧಕ ಮತ್ತು ಸಾರಜನಕದ ಅನಿಲಗಳು ಮೋಡದ ನೀರಿಗೆ ಸೇರಿ ಆಮ್ಲವಾದಾಗ ಪಿಎಚ್ ಇನ್ನೂ ಕೆಳಗೆ ಇಳೀತದೆ. ಅದು ಹುಳಿ ಮಳೆ. ಇಂಗ್ಲೆಂಡಿನ ಕಾರ್ಖಾನೆ ಊರುಗಳ ಮಳೆ ಪರೀಕ್ಷೆ ಮಾಡಿದ ರಾಬರ್ಟ್ ಆ್ಯಂಗಸ್ ಸ್ಮಿತ್ ಎಂಬವರು 1872ರಲ್ಲೇ ಈ ಹೆಸರು ಬಳಸಿದ್ದರು.

ಎಲೆಯ ಮೇಲೆ ಸುಟ್ಟ ಚುಕ್ಕೆ ಬೀಳಬೇಕಾದರೆ ಮಳೆಯ ಪಿಎಚ್ ಸುಮಾರು 3ಕ್ಕೆ ಇಳೀಬೇಕು. ಅಷ್ಟು ಹುಳಿ ಅಪರೂಪ. ನಿಜವಾದ ಪೆಟ್ಟು ನಿಧಾನದ್ದು. ಎಲೆಯ ಮೇಲಿನ ಮೇಣದ ಪದರ ಸವೀತದೆ. ಎಲೆಯಿಂದಲೂ ಮಣ್ಣಿನಿಂದಲೂ ಸುಣ್ಣದ ಅಂಶ ಮತ್ತು ಮೆಗ್ನೀಶಿಯಂ ತೊಳೆದು ಹೋಗ್ತದೆ. ಮಣ್ಣಿನಲ್ಲಿ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸ್ತದೆ. ಬೇರು ಮೊಂಡಾದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಗಿಡ ಎತ್ತಿಕೊಳ್ಳೋದಿಲ್ಲ. 1970-80ರ ದಶಕಗಳಲ್ಲಿ ಜರ್ಮನಿ ಮತ್ತು ಝೆಕ್ ಗಡಿಯ ಬೆಟ್ಟಗಳಲ್ಲಿ ಕಾಡಿಗೆ ಕಾಡೇ ಒಣಗಿದ್ದು ಹೊಗೆ ಮತ್ತು ಹುಳಿ ಮಳೆ ಎರಡರಿಂದ. ಅಮೆರಿಕ 1990ರಲ್ಲಿ ಕಾನೂನು ಬಿಗಿ ಮಾಡಿತು, ಮಳೆ ಸುಧಾರಿಸಿತು. ಆದರೆ ಕೆಟ್ಟ ಮಣ್ಣು ಅಷ್ಟು ಬೇಗ ಸುಧಾರಿಸಲಿಲ್ಲ.

ಈಗ ನಮ್ಮ ಕಡೆ ಬರೋಣ. ನಮ್ಮ ಮೂರು ತಾಲೂಕಿನಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಇಲ್ಲ. ಹತ್ತಿರದ ದೊಡ್ಡದು ಉಡುಪಿ ಜಿಲ್ಲೆಯ ಎಲ್ಲೂರಿನದ್ದು. 2010ರಲ್ಲಿ ಶುರುವಾದ ಅದು ಭಟ್ಕಳಕ್ಕೆ ಸುಮಾರು ನೂರು ಕಿಲೋಮೀಟರ್ ದೂರ. ಮಳೆಗಾಲದ ಗಾಳಿ ಕಡಲಿನಿಂದ ಘಟ್ಟದ ಕಡೆ ಬೀಸ್ತದೆ. ಹಾಗಾಗಿ ನಮ್ಮ ಬೆಳೆಯ ಎಲ್ಲ ರೋಗಕ್ಕೂ ಹುಳಿ ಮಳೆ ಕಾರಣ ಅನ್ನೋದನ್ನು ನಾನು ಒಪ್ಪೋದಿಲ್ಲ.

ಹಾಗಾದರೆ ಅದೇ ಲಕ್ಷಣ ಯಾಕೆ ಕಾಣ್ತದೆ? ಯಾಕಂದ್ರೆ ನಮ್ಮ ಮಣ್ಣೇ ಹುಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಬೀಳುವ ಮಳೆ ಸಾವಿರಾರು ವರ್ಷದಿಂದ ಈ ಕೆಂಪು ಜಂಬಿಟ್ಟಿಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಕಡಲಿಗೆ ಹಾಕಿದೆ. ಅದರ ಮೇಲೆ ನಾವು ವರ್ಷಾ ವರ್ಷ ಯೂರಿಯಾ, ಅಮೋನಿಯಂ ಸಲ್ಫೇಟು ಸುರೀತೇವೆ. ಅವು ಮಣ್ಣಿನಲ್ಲಿ ಬದಲಾಗುವಾಗ ಇನ್ನಷ್ಟು ಹುಳಿ ಬಿಡ್ತವೆ. ಹುಳಿ ಮಳೆ ಮಾಡುವ ಕೆಲಸವನ್ನೇ ಗೊಬ್ಬರದ ಚೀಲವೂ ಮಾಡ್ತದೆ ಅಂದ ಹಾಗಾಯ್ತು.

ಬಯಲು ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನ ಹುಳಿ ತಾನಾಗಿ ಇಳೀತದೆ. ಅದಕ್ಕೇ ಅಲ್ಲಿಯ ಭತ್ತಕ್ಕೆ ಅಷ್ಟು ತೊಂದರೆ ಇಲ್ಲ. ನನ್ನಂತೆ ಮಳೆ ನಂಬಿ ಮಕ್ಕಿ ಗದ್ದೆ ಮಾಡುವವರಿಗೆ ಆ ಅನುಕೂಲ ಇಲ್ಲ. ಶೇಂಗಾಕ್ಕಂತೂ ಕಾಯಿ ಕಟ್ಟುವ ಜಾಗದಲ್ಲೇ ಸುಣ್ಣದ ಅಂಶ ಬೇಕು. ಇಲ್ಲದಿದ್ದರೆ ಸಿಪ್ಪೆ ಇರ್ತದೆ, ಒಳಗೆ ಬೀಜ ಇರೋದಿಲ್ಲ. ನನ್ನ ಮಕ್ಕಿ ಗದ್ದೆಯ ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.2 ಬಂದಿತ್ತು. ಎಕರೆಗೆ ಎರಡು ಕ್ವಿಂಟಾಲ್ ಲೆಕ್ಕದಲ್ಲಿ ಅರ್ಧ ಗದ್ದೆಗೆ ಸುಣ್ಣದ ಪುಡಿ ಹಾಕಿದೆ. ಮಳೆ ಎರಡೂ ಅರ್ಧಕ್ಕೆ ಒಂದೇ. ಆದರೆ ಸುಣ್ಣ ಬಿದ್ದ ಕಡೆ ಜೊಳ್ಳು ಕಾಯಿ ಎದ್ದು ಕಾಣುವಷ್ಟು ಕಡಿಮೆ.

ಹಾಗಂತ ಅಂದಾಜಿಗೆ ಸುಣ್ಣ ಸುರಿಯಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟೇ ಹಾಕಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು, ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಚಿಪ್ಪಿನ ಸುಣ್ಣವೋ ಡೋಲೊಮೈಟೋ, ಬಿತ್ತುವ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಬೇಕು. ಯೂರಿಯಾದ ಜೊತೆ ಹಾಕಿದರೆ ಸಾರಜನಕ ಗಾಳಿಗೆ ಹೋಗ್ತದೆ. ಗಜನಿ ಭೂಮಿಯ ಹುಳಿ, ಉಪ್ಪು ಬೇರೆಯೇ ಲೆಕ್ಕ, ಅಲ್ಲಿ ಇದನ್ನು ನಕಲು ಮಾಡಬೇಡಿ.

ಹಾಗಾದರೆ ಹುಳಿ ಮಳೆಯ ಮಾತು ಮರೆತುಬಿಡೋದಾ? ಅದೂ ಸಲ್ಲ. ಹವಾಮಾನ ಇಲಾಖೆಯವರು 1987ರಿಂದ 2021ರವರೆಗಿನ ಮಳೆನೀರಿನ ದಾಖಲೆ ನೋಡಿದಾಗ ವಿಶಾಖಪಟ್ಟಣ, ಪ್ರಯಾಗ್‌ರಾಜ್, ಅಸ್ಸಾಮಿನ ಮೋಹನ್‌ಬಾರಿಯಲ್ಲಿ ಹುಳಿ ಏರಿದ್ದು ಕಂಡಿದೆ. ಜೋಧಪುರದ ಕಡೆ ಮರುಭೂಮಿಯ ಧೂಳಿನಲ್ಲಿರುವ ಕ್ಷಾರ ಹುಳಿಯನ್ನು ತಡೀತದೆ. ನಮ್ಮ ಜೂನ್-ಜುಲೈ ಮಳೆಯಲ್ಲಿ ಧೂಳೆಲ್ಲಿ? ಹುಳಿ ಬಂದರೆ ತಡೆಯುವುದು ಕಷ್ಟ, ಬೀಳುವುದೂ ಮೊದಲೇ ಹುಳಿಯಾದ ಮಣ್ಣಿಗೆ.

ಕುಮಟಾ ತಾಲೂಕಿನ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಮಾಡುವ ಪ್ರಸ್ತಾಪ 2006ರ ಹೊತ್ತಿಗೆ ಬಂದಿತ್ತು. ಜನರ ವಿರೋಧದಿಂದ ಅದು ನಡೀಲಿಲ್ಲ. ಅದೇ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷ. ಆದರೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಕೂರಿಸಲು ದೂಡಿದ್ದ 2015ರ ನಿಯಮವನ್ನು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಸಡಿಲ ಮಾಡಿದೆ. ದೊಡ್ಡ ಪೇಟೆಗಳ ಹತ್ತಿರದ ಸ್ಥಾವರಕ್ಕೆ ನಿಯಮ ಉಂಟು, ದೂರದ ಹೆಚ್ಚಿನವುಗಳಿಗೆ ವಿನಾಯಿತಿ. ಪೇಟೆಯವರ ಮೂಗಿಗಿರುವ ಬೆಲೆ ಹಳ್ಳಿಯ ಬೆಳೆಗೆ ಇಲ್ಲ ಅಂತ ಆಯ್ತಲ್ಲ!

ನಾಳೆ ಇನ್ನೊಂದು ಚಿಮಣಿಯ ಮಾತು ಬಂದರೆ ನಮ್ಮ ಕೈಯಲ್ಲಿ ಏನಿದೆ? ಮೊದಲು ಮಳೆ ಹೇಗಿತ್ತು ಅಂತ ಕೇಳಿದರೆ ತೋರಿಸಲು ಒಂದು ಕಾಗದ ಇಲ್ಲ. ಅದಕ್ಕೇ ನನ್ನ ಸಲಹೆ ಇಷ್ಟು. ಊರಿನ ಹೈಸ್ಕೂಲೋ ಸೊಸೈಟಿಯೋ ಮುಂದೆ ಬರಲಿ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಪಾತ್ರೆಯನ್ನು ಮರ, ಮಾಡಿನ ನೀರು ಬೀಳದ ಬಯಲಿನಲ್ಲಿ ಇಡಿ. ವಾರಕ್ಕೊಮ್ಮೆ ಹೊಸ ಮಳೆನೀರು ಹಿಡಿದು ಪಿಎಚ್ ಅಳೆದು, ತಾರೀಕು ಹಾಕಿ ಬರೆದಿಡಿ. ಮಕ್ಕಳಿಗೆ ಪಾಠವೂ ಆಯ್ತು, ಊರಿಗೆ ದಾಖಲೆಯೂ ಆಯ್ತು.

ಮಣ್ಣಿನ ಹುಳಿಗೆ ಮದ್ದು ನಮ್ಮ ಕೈಯಲ್ಲೇ ಇದೆ. ಮಳೆಯ ಹುಳಿಗೆ ಮದ್ದು ಸರ್ಕಾರದ ಕೈಯಲ್ಲಿದೆ, ಅದನ್ನು ಕೇಳಲು ಲೆಕ್ಕ ಬೇಕು. ಬರುವ ಜೂನಿನಿಂದಲೇ ಶುರು ಮಾಡುವವರು ಯಾರು?