ಮಳಿಗೆಯ ಕೀಲಿಕೈ ಯಾರ ಕೈಯಲ್ಲಿ?

1905ನೆಯ ಇಸವಿಯು ಗದಗ ಸೀಮೆಯವರಿಗೆ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಮೇ 8ನೆಯ ತಾರೀಖಿನಂದು ಗದಗಕ್ಕೆ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ, ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾದ ಸಂಘವು ನೋಂದಣಿಯಾಯಿತು. ಅದೇ ವರ್ಷದ ಆಗಸ್ಟ್ 7ರಂದು ಕಲಕತ್ತೆಯ ಟೌನ್ ಹಾಲಿನ ಸಭೆಯಲ್ಲಿ ಪರದೇಶೀ ಸರಕಿನ ಬಹಿಷ್ಕಾರದ ನಿರ್ಣಯವಾಗಿ ಸ್ವದೇಶೀ ಚಳವಳಿಯು ವಿಧ್ಯುಕ್ತವಾಗಿ ಮೊದಲಾಯಿತು. 2015ರಿಂದ ಆ ದಿನವನ್ನೇ ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. ನಮಗೆ ಬೇಕಾದುದನ್ನು ನಾವೇ ಮಾಡಿಕೊಳ್ಳಬೇಕು ಎಂಬುದು ಕಲಕತ್ತೆಯ ಪಾಠ. ಒಬ್ಬನಿಂದಾಗದುದನ್ನು ಹತ್ತು ಜನ ಕೂಡಿ ಮಾಡಬೇಕು ಎಂಬುದು ಕಣಗಿನಹಾಳದ ಪಾಠ. ಈ ಎರಡೂ ಪಾಠಗಳು ಇಂದು ಹೊಸದೊಂದು ವಿಷಯದಲ್ಲಿ ನಮಗೆ ಬೇಕಾಗಿವೆ. ಆ ವಿಷಯವು ಅಂತರಜಾಲದ ಅಂಗಡಿಯದು.

ಗದಗ-ಬೆಟಗೇರಿಯ ನೇಕಾರನು ಸೀರೆಯನ್ನು ನೇಯಬಲ್ಲನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಗೃಹಿಣಿಯರು ಮಾಡುವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿಗೆ ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ನಮ್ಮವರು ಹಂಬಲಿಸುತ್ತಾರೆ. ಸರಕು ಉಂಟು, ಗಿರಾಕಿಯೂ ಉಂಟು. ನಡುವಿನ ಅಂಗಡಿಯು ಮಾತ್ರ ನಮ್ಮದಲ್ಲ. ಅಂತರಜಾಲದ ದೊಡ್ಡ ಪೇಟೆಗಳಲ್ಲಿ ಸರಕನ್ನಿಟ್ಟವನು ಪ್ರತಿಯೊಂದು ಮಾರಾಟದ ಮೇಲೆ ದಲ್ಲಾಳಿಯನ್ನು ತೆರಬೇಕು. ಎರಡು ಸಾವಿರ ರೂಪಾಯಿಯ ಸೀರೆಗೆ ನೂರಕ್ಕೆ ಹದಿನೈದರಂತೆ ಹಿಡಿದರೂ ಮುನ್ನೂರು ರೂಪಾಯಿ ಹೋಯಿತು. ಪೇಟೆಯವನು ಗಿರಾಕಿಯನ್ನು ಕರೆತರುತ್ತಾನೆ, ಹಣವನ್ನು ವಸೂಲು ಮಾಡುತ್ತಾನೆ; ಅದಕ್ಕೆ ಕೂಲಿ ಕೇಳುವುದು ಅನ್ಯಾಯವೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪವು ಬೇರೆ. ಸೀರೆಯನ್ನು ಕೊಂಡವರಾರು, ಅವರಿಗೆ ಯಾವ ಅಂಚು ಮೆಚ್ಚುಗೆಯಾಯಿತು, ಮುಂದಿನ ಪಂಚಮಿಗೆ ಅವರು ಮತ್ತೆ ಕೊಳ್ಳುವರೋ ಎಂಬ ಸಂಗತಿಯೆಲ್ಲ ಪೇಟೆಯವನ ಖಾತೆಯಲ್ಲಿ ಉಳಿಯುತ್ತದೆಯೇ ಹೊರತು ನೇಕಾರನ ಕೀರ್ದಿಗೆ ಬರುವುದಿಲ್ಲ. ಪೇಟೆಯವನು ನಾಳೆ ಅವನ ಸರಕನ್ನು ಹತ್ತನೆಯ ಪುಟಕ್ಕೆ ತಳ್ಳಿದರೆ, ಅಥವಾ ಅವನ ಖಾತೆಯನ್ನೇ ಮುಚ್ಚಿದರೆ, ಹತ್ತು ವರ್ಷಗಳ ಗಿರಾಕಿಗಳು ಒಂದೇ ದಿನದಲ್ಲಿ ಇಲ್ಲವಾಗುತ್ತಾರೆ.

ಹಿಂದೆ ಸಾಹುಕಾರನು ನೂಲು ಕೊಟ್ಟು ಬಟ್ಟೆಯನ್ನು ಒಯ್ಯುತ್ತಿದ್ದನು. ಬಟ್ಟೆಯು ಯಾವ ಊರಿಗೆ ಹೋಯಿತೆಂಬುದು ಮಗ್ಗದ ಕುಣಿಯಲ್ಲಿ ಕುಳಿತವನಿಗೆ ತಿಳಿಯುತ್ತಿರಲಿಲ್ಲ. ಇಂದಿನ ಸಾಹುಕಾರನು ಕಣ್ಣಿಗೂ ಕಾಣದಷ್ಟು ದೂರದಲ್ಲಿದ್ದಾನೆ, ವ್ಯತ್ಯಾಸವು ಅಷ್ಟೇ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿಯ ಬಹುಪಾಲು ಒಡೆತನವು 2018ರಲ್ಲಿ ಅಮೇರಿಕೆಯ ವಾಲ್‌ಮಾರ್ಟಿಗೆ ಸೇರಿತು. ನಮ್ಮ ನಾಡಿನಲ್ಲಿಯೇ ಹುಟ್ಟಿದ ಪೇಟೆಯ ಯಜಮಾನಿಕೆಯೂ ನಮ್ಮ ನಾಡಿನಲ್ಲಿ ಉಳಿಯುವುದೆಂಬ ಭರವಸೆಯಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ಇದಕ್ಕೆ ಉಪಾಯವಿಲ್ಲವೆಂದು ಕೈಕಟ್ಟಿ ಕುಳ್ಳಿರಬೇಕಾಗಿಲ್ಲ. ಅಂಗಡಿಯನ್ನು ನಡೆಸುವ ತಂತ್ರಾಂಶವು ಇಂದು ಬಿಟ್ಟಿಯಾಗಿ ದೊರೆಯುತ್ತದೆ. ವರ್ಡ್‌ಪ್ರೆಸ್ಸಿನ ಮೇಲೆ ನಿಲ್ಲುವ ವೂಕಾಮರ್ಸ್ 2011ರಲ್ಲಿ ಹೊರಬಂದಿತು. ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಪ್ರೆಸ್ಟಾಶಾಪ್ 2007ರಿಂದ ಇದೆ. ಓಪನ್‌ಕಾರ್ಟ್ ಎಂಬುದು ಮತ್ತೊಂದು. ಇವೆಲ್ಲವೂ ಮುಕ್ತ ಪರವಾನಗಿಯವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ತಮ್ಮ ಅನುಕೂಲಕ್ಕೆ ತಿದ್ದಿಕೊಳ್ಳಬಹುದು, ತಿದ್ದಿದುದನ್ನು ಇನ್ನೊಬ್ಬರಿಗೆ ಕೊಡಬಹುದು. ಇವು ಪರದೇಶದವಲ್ಲವೇ ಎಂದು ಕೇಳುವವರು ಇರಬಹುದು. ಚರಕದ ಹಲ್ಲುಗಳನ್ನು ಯಾವ ಊರಿನ ಬಡಗಿಯು ಮಾಡಿದನೆಂಬುದಕ್ಕಿಂತ ಅದನ್ನು ಬಿಚ್ಚಿ ದುರಸ್ತಿ ಮಾಡುವ ಅಧಿಕಾರವು ನಮಗಿದೆಯೇ ಎಂಬುದು ಮುಖ್ಯ. ಮುಕ್ತ ತಂತ್ರಾಂಶದಲ್ಲಿ ಆ ಅಧಿಕಾರವು ಉಂಟು. ಬಾಡಿಗೆಯ ಪೇಟೆಯಲ್ಲಿ ಇಲ್ಲ.

ಇಂತಹ ಅಂಗಡಿಯನ್ನು ಮನೆಯಲ್ಲಿಯೇ ತೆರೆಯಬಹುದೇ? ತೆರೆಯಬಹುದು. ಮೂಲೆಗೆ ಬಿದ್ದ ಹಳೆಯ ಗಣಕಯಂತ್ರವೊಂದು ಸಾಕು. ಅದರ ಮೇಲೆ ಲಿನಕ್ಸ್, ಪುಟಗಳನ್ನು ಬಡಿಸುವ ಅಪಾಚೆ ಅಥವಾ ಎಂಜಿನ್ಎಕ್ಸ್, ಲೆಕ್ಕಪತ್ರಗಳನ್ನಿಡುವ ಮರಿಯಾಡಿಬಿ, ಪಿಎಚ್‌ಪಿ ಭಾಷೆ, ಇವುಗಳನ್ನು ಹಾಕಿ ಮೇಲೆ ಅಂಗಡಿಯ ತಂತ್ರಾಂಶವನ್ನು ಕೂಡ್ರಿಸಬೇಕು. ಹೀಗೆ ಸಜ್ಜಾದ ಯಂತ್ರಕ್ಕೆ ಸರ್ವರ್ ಎಂದು ಹೆಸರು. ನಲವತ್ತು ವಾಟ್ ಎಳೆಯುವ ಯಂತ್ರವು ಹಗಲಿರುಳು ನಡೆದರೆ ತಿಂಗಳಿಗೆ ಇಪ್ಪತ್ತೊಂಬತ್ತು ಯುನಿಟ್ಟಿನಷ್ಟು ವಿದ್ಯುತ್ತು ಖರ್ಚಾದೀತು. ಹತ್ತು ವಾಟಿನ ಸಣ್ಣ ಯಂತ್ರಕ್ಕೆ ಏಳು ಯುನಿಟ್ಟುಗಳು ಸಾಕು. ಅಂಗಡಿಗೆ ಒಂದು ಹೆಸರನ್ನು ವಾರ್ಷಿಕ ಶುಲ್ಕ ಕೊಟ್ಟು ನೋಂದಾಯಿಸಬೇಕು; ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರೂ ಇಂದು ಸಾಧ್ಯವಾಗಿದೆ. ಗಿರಾಕಿಯ ಮಾತು ದಾರಿಯಲ್ಲಿ ಪರರ ಕಿವಿಗೆ ಬೀಳದಂತೆ ಕಾಯುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಉಚಿತವಾಗಿ ಕೊಡುತ್ತದೆ. ಕಾಲೇಜಿನಲ್ಲಿ ಓದುವ ಚುರುಕಾದ ಹುಡುಗನೊಬ್ಬನು ಎರಡು ರವಿವಾರಗಳಲ್ಲಿ ಇಷ್ಟನ್ನೂ ಮಾಡಿಯಾನು.

ಆದರೆ ಅಂಗಡಿಯನ್ನು ತೆರೆಯುವುದು ಬೇರೆ, ನಡೆಸುವುದು ಬೇರೆ. ಉತ್ಸಾಹದ ಭರದಲ್ಲಿ ಈ ಭೇದವನ್ನು ಮರೆಸುವುದು ಪತ್ರಿಕೆಯ ಧರ್ಮವಲ್ಲವಾದುದರಿಂದ ತೊಡಕುಗಳನ್ನೂ ಹೇಳುತ್ತೇವೆ. ಮೊದಲನೆಯದು ವಿಳಾಸದ ತೊಡಕು. ಅಂತರಜಾಲದ ಸೇವೆ ಕೊಡುವ ಕಂಪನಿಗಳು ಹಲವು ಮನೆಗಳಿಗೆ ಸೇರಿಸಿ ಒಂದೇ ಬಹಿರಂಗ ವಿಳಾಸವನ್ನು ಕೊಟ್ಟಿರುವುದುಂಟು. ಹತ್ತು ಬಿಡಾರಗಳ ವಾಡೆಗೆ ಬೀದಿಯ ಕಡೆಗೆ ಒಂದೇ ಬಾಗಿಲಿದ್ದರೆ, ಹೊರಗಿನಿಂದ ಬಂದವನಿಗೆ ನಮ್ಮ ಬಿಡಾರವು ತಿಳಿಯುವುದು ಹೇಗೆ? ವಿಳಾಸವು ಆಗಾಗ ಬದಲಾಗುವುದೂ ಉಂಟು. ಸ್ಥಿರವಾದ ವಿಳಾಸವನ್ನು ಕಂಪನಿಯಿಂದ ಕೇಳಿ ಪಡೆದು, ರೂಟರಿನಲ್ಲಿ 80 ಮತ್ತು 443 ಎಂಬ ಎರಡು ದ್ವಾರಗಳನ್ನು ಮಾತ್ರ ಆ ಯಂತ್ರದ ಕಡೆಗೆ ತೆರೆದು, ಉಳಿದುವನ್ನು ಮುಚ್ಚಿಡಬೇಕು. ಎರಡನೆಯದು ವಿದ್ಯುತ್ತು. ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳು ನಾಡಿಗೆಲ್ಲ ವಿದ್ಯುತ್ತನ್ನು ಕೊಡುತ್ತಿದ್ದರೂ ನಮ್ಮ ಮನೆಯ ದೀಪವು ಯಾವಾಗ ಆರುವುದೆಂಬುದನ್ನು ಹೇಳಬಲ್ಲವರಿಲ್ಲ. ದೀಪವು ಆರಿದಾಗ ಅಂಗಡಿಯೂ ಮುಚ್ಚುತ್ತದೆ. ಅಷ್ಟರಲ್ಲಿ ಬಂದ ಗಿರಾಕಿಯು ಬೇರೆ ಕಡೆಗೆ ಹೋಗುತ್ತಾನೆ. ಬ್ಯಾಟರಿಯ ಆಸರೆಯು ಕೆಲವು ತಾಸುಗಳದು ಮಾತ್ರ.

ಮೂರನೆಯ ತೊಡಕು ಎಲ್ಲಕ್ಕಿಂತ ಗಂಭೀರವಾದುದು. ಬೀದಿಯ ಅಂಗಡಿಗೆ ರಾತ್ರಿ ಕಳ್ಳನು ಬಂದರೆ ನಷ್ಟವು ಅಂಗಡಿಕಾರನದು. ಅಂತರಜಾಲದ ಅಂಗಡಿಗೆ ಕಳ್ಳನು ಬಂದರೆ ನಷ್ಟವು ಗಿರಾಕಿಗಳೆಲ್ಲರದೂ ಹೌದು. 2018ರಲ್ಲಿ ಬ್ರಿಟಿಷ್ ಏರ್‌ವೇಸಿನ ಜಾಲತಾಣದಲ್ಲಿ ದುಷ್ಟರು ಕೆಲವೇ ಸಾಲುಗಳ ಸಂಕೇತವನ್ನು ಸೇರಿಸಿ ಗಿರಾಕಿಗಳ ಕಾರ್ಡಿನ ವಿವರಗಳನ್ನು ಕದ್ದರು. 2020ರಲ್ಲಿ ಆ ಕಂಪನಿಗೆ ಎರಡು ಕೋಟಿ ಪೌಂಡುಗಳ ದಂಡವು ಬಿದ್ದಿತು. ಅಷ್ಟು ದೊಡ್ಡ ಕಂಪನಿಯೇ ಮೋಸಹೋದ ಮೇಲೆ ಅಟ್ಟದ ಮೇಲಿನ ಯಂತ್ರವನ್ನು ಕೇಳುವವರಾರು? ತಂತ್ರಾಂಶದ ದೋಷಗಳು ತಿಳಿದೊಡನೆಯೇ ಅದನ್ನು ಹೊಸದಾಗಿಸದವನು, ವಾರಕ್ಕೊಮ್ಮೆಯಾದರೂ ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆಯಲ್ಲಿ ತೆಗೆದಿಡದವನು, ಪರರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದೆಂದು ನಾವು ನಿಷ್ಠುರವಾಗಿ ಹೇಳುತ್ತೇವೆ. ಕಾರ್ಡಿನ ವಿವರಗಳನ್ನಂತೂ ಅಂಗಡಿಕಾರನು ತನ್ನಲ್ಲಿ ಇಟ್ಟುಕೊಳ್ಳಲೇಬಾರದು. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ನಿಷೇಧಿಸಿದೆ. ಹಣ ಪಡೆಯುವ ಕೆಲಸವನ್ನು ಅಂಗೀಕೃತ ಸಂಸ್ಥೆಗಳಿಗೆ ಒಪ್ಪಿಸಬೇಕು. 2016ರಲ್ಲಿ ಬಂದ ಯುಪಿಐ ಪದ್ಧತಿಯು ಸಣ್ಣ ವ್ಯಾಪಾರಿಗೆ ಇದರಲ್ಲಿ ದೊಡ್ಡ ಉಪಕಾರವನ್ನು ಮಾಡಿದೆ.

ಕಾನೂನಿನ ಕಟ್ಟಳೆಗಳೂ ಉಂಟು. 2020ರ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅಂಗಡಿಯ ಹೆಸರು, ವಿಳಾಸಗಳು ಎಲ್ಲರಿಗೂ ಕಾಣುವಂತಿರಬೇಕು. ದೂರು ಬಂದರೆ 48 ತಾಸುಗಳಲ್ಲಿ ಮುಟ್ಟಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಹೊರರಾಜ್ಯಕ್ಕೆ ಸರಕು ಕಳಿಸುವವನಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯು ಬೇಕು; ಕರಕುಶಲ ಸರಕಿಗೆ ಒಂದು ಮಿತಿಯವರೆಗೆ ವಿನಾಯಿತಿಯಿದೆ. ರೊಟ್ಟಿ-ಚಟ್ನಿಗಳನ್ನು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯು ಬೇಕು. ಇವು ಕಿರುಕುಳಗಳಲ್ಲ, ನೋಡದ ಅಂಗಡಿಯನ್ನು ನಂಬಿ ಹಣ ಕಳಿಸುವ ಗಿರಾಕಿಗೆ ಕೊಡುವ ಮಾತು ಇದು.

ಈ ಎಲ್ಲ ಹೊರೆಯನ್ನು ಒಬ್ಬ ನೇಕಾರನು ಹೊರಲಾರನು. ಹಗಲೆಲ್ಲ ಮಗ್ಗದಲ್ಲಿ ಕುಳಿತವನು ರಾತ್ರಿಯೆಲ್ಲ ಸರ್ವರನ್ನು ಕಾಯಬೇಕೆನ್ನುವುದು ಅವಿವೇಕ. ಕಣಗಿನಹಾಳದ ಪಾಠವು ನಮ್ಮ ನೆರವಿಗೆ ಬರುವುದು ಇಲ್ಲಿಯೇ. ಒಬ್ಬೊಬ್ಬ ರೈತನು ಒಂಟಿಯಾಗಿ ಸಾಲದ ಬಾಗಿಲಿಗೆ ಹೋದಾಗ ದೊರೆಯದ ಮರ್ಯಾದೆಯು ಸಂಘವಾಗಿ ಹೋದಾಗ ದೊರೆಯಿತು. ಅದರಂತೆ ಮನೆಯ ಯಂತ್ರವು ಅಭ್ಯಾಸದ ಗರಡಿಯಾಗಲಿ. ಹುಡುಗರು ಅಲ್ಲಿ ತಂತ್ರಾಂಶವನ್ನು ಹೂಡಿ, ಕೆಡಿಸಿ, ಮತ್ತೆ ಹೂಡಿ ಕಲಿಯಲಿ. ಹಣದ ವ್ಯವಹಾರ ನಡೆಯುವ ಅಂಗಡಿಯು ಮಾತ್ರ ಸಂಘದ್ದಾಗಲಿ. ಬೆಟಗೇರಿಯ ನೇಕಾರರ ಸಂಘಗಳು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸ್ತ್ರೀಶಕ್ತಿ ಗುಂಪುಗಳು ಕೂಡಿ ಒಂದು ಸರ್ವರನ್ನು ನಡೆಸಲಿ. ಯಂತ್ರವನ್ನು ಸಂಘದ ಕಚೇರಿಯಲ್ಲಿಟ್ಟರೂ ಸರಿ, ಬಾಡಿಗೆಗೆ ಪಡೆದರೂ ಸರಿ. ಮೂರು ಸಂಗತಿಗಳನ್ನು ಮಾತ್ರ ಬಿಟ್ಟುಕೊಡಬಾರದು. ಅಂಗಡಿಯ ಹೆಸರು ಸಂಘದ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಗಿರಾಕಿಗಳ ಖಾತೆಯ ಪ್ರತಿಯು ಸಂಘದ ಕಪಾಟಿನಲ್ಲಿರಬೇಕು. ಬೇಡವಾದಾಗ ಅಂಗಡಿಯನ್ನೆಲ್ಲ ಕಟ್ಟಿಕೊಂಡು ಬೇರೆಡೆಗೆ ಹೋಗುವ ಅಧಿಕಾರವು ಇರಬೇಕು. ಇವು ಮೂರೂ ಇದ್ದರೆ ಯಂತ್ರವು ಎಲ್ಲಿದ್ದರೂ ಅಂಗಡಿಯು ನಮ್ಮದು.

ಕೆಲಸ ಮಾಡಬಲ್ಲ ಕೈಗಳು ಇಲ್ಲಿಯೇ ಇವೆ. ಗದಗಿನಲ್ಲಿ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದಲ್ಲಿ ಅಗಡಿ ಎಂಜಿನಿಯರಿಂಗ್ ಕಾಲೇಜು ಇವೆ. ಗ್ರಾಮಗಳ ಏಳಿಗೆಗೆಂದೇ ಸ್ಥಾಪಿತವಾಗಿ ಮಹಾತ್ಮರ ಹೆಸರನ್ನು ಹೊತ್ತ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಗದಗಿನಲ್ಲಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಟ್ಟಿ ಮರುದಿನ ಅಳಿಸಿಹಾಕುವ ಯೋಜನೆಗಳ ಬದಲು, ಬೆಟಗೇರಿಯ ಒಂದು ಓಣಿಯ ಅಂಗಡಿಯನ್ನು ವರ್ಷವಿಡೀ ಕಾಪಾಡಿದರೆ ಅವರ ವಿದ್ಯೆಗೂ ಊರಿಗೂ ಮೇಲಲ್ಲವೇ? ಕೈಮಗ್ಗ ಮತ್ತು ಜವಳಿ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿನಂತಿಯೊಂದಿದೆ. ಉದ್ಘಾಟನೆಯ ದಿನ ಹೊಳೆದು ಮರುವರ್ಷ ಮುಚ್ಚುವ ಜಾಲತಾಣಗಳು ಬೇಡ. ಅಂಗಡಿಯನ್ನು ಕಟ್ಟುವುದಕ್ಕೆ ಕೊಡುವ ಹಣದಷ್ಟೇ ಅದನ್ನು ಮೂರು ವರ್ಷ ನೋಡಿಕೊಳ್ಳುವವನ ಸಂಬಳಕ್ಕೂ ಕೊಡಬೇಕು.

ದೊಡ್ಡ ಪೇಟೆಯಲ್ಲಿ ಜನಸಂದಣಿಯಿದೆ, ನಿಮ್ಮ ಸಣ್ಣ ಅಂಗಡಿಗೆ ಯಾರು ಬರುವರು ಎಂದು ವ್ಯವಹಾರಸ್ಥರು ಕೇಳುವರು. ಈ ಪ್ರಶ್ನೆಯು ತಕ್ಕುದೇ. ಸಂತೆಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಸಂತೆಯಲ್ಲಿ ಮಾರುವವನಿಗೂ ಊರಿನಲ್ಲಿ ಒಂದು ಮಳಿಗೆಯಿರಬೇಕು ಎನ್ನುತ್ತೇವೆ. ಪೇಟೆಯಲ್ಲಿ ಕೊಂಡವನು ಮುಂದಿನ ಸಲ ನೇರವಾಗಿ ನಮ್ಮ ಮಳಿಗೆಗೆ ಬರುವಂತಾಗಬೇಕು. ಅವನನ್ನು ಬರಮಾಡುವುದು ಸೀರೆಯ ಗುಣ, ಸರಿಯಾದ ಬೆಲೆ, ಹೇಳಿದ ದಿನಕ್ಕೆ ಮುಟ್ಟುವ ಅಂಚೆ, ಇವು ಮೂರೇ. ಇವಿಲ್ಲದೆ ದೇಶಾಭಿಮಾನವೊಂದರಿಂದಲೇ ಎರಡನೆಯ ಸೀರೆಯು ಮಾರುವುದಿಲ್ಲ.

ಕೊನೆಗೆ ನಮ್ಮ ಪಟ್ಟಣಿಗರಿಗೆ ಒಂದು ಮಾತು. ಬೆಟಗೇರಿಯ ಸೀರೆಯನ್ನು ದೂರದ ಪೇಟೆಯಿಂದ ತರಿಸಿಕೊಂಡು, ಅದು ನೆರೆಯ ಓಣಿಯಲ್ಲಿಯೇ ನೇಯ್ದುದೆಂದು ಆಮೇಲೆ ತಿಳಿದು ನಗುವವರು ನಮ್ಮಲ್ಲಿ ಇಲ್ಲದಿಲ್ಲ. ಆ ನಗೆಯ ಬೆಲೆಯನ್ನು ನೇಕಾರನು ತೆರುತ್ತಿದ್ದಾನೆ. ಸಂಘದ ಅಂಗಡಿಯು ತೆರೆದಾಗ ಮೊದಲನೆಯ ನೂರು ಗಿರಾಕಿಗಳು ಈ ನಾಲ್ಕೂ ಊರುಗಳವರೇ ಆಗಿರಲಿ. ತಪ್ಪುಗಳನ್ನು ಕಂಡರೆ ಬೇಸರಿಸದೆ ತಿಳಿಸಲಿ. ಕಣಗಿನಹಾಳದವರು ಪ್ರಾರಂಭಿಸಿದಾಗ ಅವರ ಸಂಘವೂ ದೊಡ್ಡದಾಗಿರಲಿಲ್ಲ. ಮಳಿಗೆಯು ಚಿಕ್ಕದಿದ್ದರೂ ಚಿಂತೆಯಿಲ್ಲ, ಅದರ ಕೀಲಿಕೈಯು ನಮ್ಮಲ್ಲಿಯೇ ಇರಲಿ ಎಂದು ನಾವು ಆಶಿಸುತ್ತೇವೆ.